ಹಳೆಯ ಫೋನಿನ ಬೂಟ್‌ಲೋಡರ್ ತೆರೆದು ರೂಟ್ ಮಾಡಬೇಕೆಂದಿದ್ದೇನೆ, ಎಲ್ಲೆಲ್ಲಿ ಕಾಲು ಜಾರುತ್ತದೆ?

ಅರೆನಿದ್ದೆ · ಶುಕ್ರವಾರ ರಾತ್ರಿ 9:12

ನನ್ನ ಬಳಿ ಒಂದು ಹಳೆಯ ಫೋನ್ ಇದೆ. ಕೊಂಡಾಗ ಆಂಡ್ರಾಯ್ಡ್ 12 ಇತ್ತು, 14ಕ್ಕೆ ಬಂದು ನಿಂತುಬಿಟ್ಟಿದೆ. ಇನ್ನು ಮೇಲಿನ ಆವೃತ್ತಿ ಬರುವುದಿಲ್ಲ. ಯಾವಾಗಲೋ ಒಮ್ಮೆ ಭದ್ರತಾ ಅಪ್‌ಡೇಟ್ ಬಂದರೆ ಪುಣ್ಯ. ಆದರೆ ಪರದೆಯ ಮೇಲೆ ಒಂದು ಗೀರೂ ಇಲ್ಲ, ಬ್ಯಾಟರಿ ಇನ್ನೂ ಗಟ್ಟಿಯಾಗಿದೆ, ಎಸೆಯಲು ಮನಸ್ಸು ಬಾರದು.

ನನಗೆ ಬೇಕಾದದ್ದು ಇಷ್ಟೇ: ತೆಗೆಯಲು ಬಿಡದ ಕಂಪನಿಯ ಆಪ್‌ಗಳನ್ನು ಕಿತ್ತುಹಾಕಬೇಕು, ಎಲ್ಲೆಲ್ಲೂ ಇಣುಕುವ ಜಾಹೀರಾತು ನಿಲ್ಲಬೇಕು, ಚಾರ್ಜ್ 80ಕ್ಕೆ ನಿಲ್ಲಬೇಕು, ಆಪ್‌ಗಳ ಮಾಹಿತಿಯನ್ನು ಪೂರ್ತಿಯಾಗಿ ಬ್ಯಾಕಪ್ ಮಾಡಿಕೊಳ್ಳಲು ಆಗಬೇಕು. ಎರಡು ವಿಡಿಯೊ ನೋಡಿದೆ. ಒಬ್ಬರು ಹೇಳಿದ್ದಕ್ಕೆ ಇನ್ನೊಬ್ಬರು ಪೂರ್ತಿ ಉಲ್ಟಾ. ತಿಳಿದವರು ದಾರಿ ತೋರಿಸಿ. ಕಂಪನಿಯ ಹೆಸರು ಬರೆಯುವುದಿಲ್ಲ, ಬರೆದರೆ ಚರ್ಚೆ ಬೇರೆ ಕಡೆಗೆ ಹೋಗುತ್ತದೆ.

ಬೆಸುಗೆ · 9:15

ಬೇಡ. ಚೆನ್ನಾಗಿ ನಡೆಯುತ್ತಿರುವುದಕ್ಕೆ ಕೈ ಹಾಕಬೇಡಿ.

ಹಳೇಬೇರು · 9:31

ಮೊದಲು ಎರಡು ವಿಷಯ ಬೇರೆ ಮಾಡಿಕೊಳ್ಳಿ. ಬೂಟ್‌ಲೋಡರ್ ಅನ್‌ಲಾಕ್ ಮಾಡುವುದು ಒಂದು ಕೆಲಸ, ರೂಟ್ ಮಾಡುವುದು ಇನ್ನೊಂದು. ಹೆಚ್ಚಿನವರು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿ ಗೊಂದಲ ಮಾಡುತ್ತಾರೆ.

ಫೋನ್ ಆನ್ ಆದಾಗ ಮೊದಲು ಏಳುವುದು ಬೂಟ್‌ಲೋಡರ್. ಮುಂದೆ ಏಳಬೇಕಾದ ವ್ಯವಸ್ಥೆಯ ಮೇಲೆ ಕಂಪನಿಯ ಸಹಿ ಇದೆಯೇ ಎಂದು ಅದು ನೋಡುತ್ತದೆ. ಸಹಿ ತಾಳೆಯಾಗದಿದ್ದರೆ ಬಾಗಿಲು ತೆರೆಯುವುದಿಲ್ಲ. ಅನ್‌ಲಾಕ್ ಎಂದರೆ ಆ ಕಾವಲುಗಾರನಿಗೆ 'ಸಹಿ ಇಲ್ಲದಿದ್ದರೂ ಬಿಡು, ಜವಾಬ್ದಾರಿ ನನ್ನದು' ಎಂದು ಹೇಳುವುದು. ಅಷ್ಟಕ್ಕೇ ನಿಲ್ಲಬಹುದು. ಬೇಕಾದರೆ ಲಿನೇಜ್ ಓಎಸ್‌ನಂಥ ಬೇರೆ ರಾಮ್, ಅಂದರೆ ಬೇರೆಯವರು ಸಿದ್ಧಪಡಿಸಿದ ಆಂಡ್ರಾಯ್ಡ್, ಹಾಕಬಹುದು, ಅದರಲ್ಲೂ ರೂಟ್ ತಾನಾಗಿ ಬರುವುದಿಲ್ಲ. ರೂಟ್ ಎಂದರೆ ಒಳಗಿನ ಎಲ್ಲ ಕೋಣೆಗಳ ಬೀಗದ ಕೈ ನಿಮ್ಮ ಕೈಗೆ ಬರುವುದು. ನಿಮ್ಮ ಕೈಗೆ ಮಾತ್ರವಲ್ಲ, ನೀವು ಅನುಮತಿ ಕೊಟ್ಟ ಪ್ರತಿಯೊಂದು ಆಪ್‌ನ ಕೈಗೂ.

ತಂತಿಬೇಲಿ · 9:40

ನಿಮ್ಮ ಪಟ್ಟಿಯಲ್ಲಿ ಅರ್ಧಕ್ಕೆ ರೂಟ್ ಬೇಕೇ ಇಲ್ಲ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಏಕೆ?

ಡೆವಲಪರ್ ಆಯ್ಕೆಯಲ್ಲಿ ಯುಎಸ್‌ಬಿ ಡೀಬಗಿಂಗ್ ಆನ್ ಮಾಡಿ, ಕಂಪ್ಯೂಟರಿನಿಂದ ಫೋನಿಗೆ ಆಜ್ಞೆ ಕೊಡುವ ಎಡಿಬಿ ಎಂಬ ಸಾಧನ ಬಳಸಿ, ಬೇಡದ ಆಪ್‌ಗಳನ್ನು ನಿಮ್ಮ ಬಳಕೆದಾರ ಖಾತೆಯ ಮಟ್ಟಿಗೆ ಅನ್‌ಇನ್‌ಸ್ಟಾಲ್ ಮಾಡಬಹುದು. ಪಿಎಂ ಅನ್‌ಇನ್‌ಸ್ಟಾಲ್ ಆಜ್ಞೆಯ ಜೊತೆ ಯೂಸರ್ 0 ಎಂದು ಸೇರಿಸಿದರೆ ಆಯಿತು. ಮೂಲ ಕಡತ ಒಳಗೇ ಇರುತ್ತದೆ, ಎಡವಟ್ಟಾದರೆ ಮರಳಿ ತರಬಹುದು. ಜಾಹೀರಾತಿಗೆ ಆಂಡ್ರಾಯ್ಡ್ 9ರಿಂದಲೇ ಇರುವ ಪ್ರೈವೇಟ್ ಡಿಎನ್‌ಎಸ್ ಎಂಬ ಸೆಟ್ಟಿಂಗ್‌ನಲ್ಲಿ ಜಾಹೀರಾತು ತಡೆಯುವ ಸರ್ವರ್ ಹಾಕಿ, ಬಹುಪಾಲು ನಿಲ್ಲುತ್ತದೆ.

ಅರೆನಿದ್ದೆ · 9:52

ಇದು ಗೊತ್ತಿರಲಿಲ್ಲ, ಧನ್ಯವಾದ. ಆದರೆ ಚಾರ್ಜ್ ಮಿತಿ ಮತ್ತು ಬ್ಯಾಕಪ್? ನನ್ನ ಫೋನಿನ ಸೆಟ್ಟಿಂಗ್ಸ್‌ನಲ್ಲಿ 80ರ ಆಯ್ಕೆಯೇ ಇಲ್ಲ.

ತಂತಿಬೇಲಿ · 9:54

ಅವೆರಡಕ್ಕೆ ರೂಟ್ ಬೇಕು, ಒಪ್ಪುತ್ತೇನೆ.

ಕಾಗೆಗೂಡು · 10:26

ಮಾಡುವುದೇ ಆದರೆ ನಾನು ಪೆಟ್ಟು ತಿಂದು ಕಲಿತದ್ದನ್ನು ಬರೆಯುತ್ತೇನೆ. ಆಜ್ಞೆ ಕೊಡುವುದು ಐದು ನಿಮಿಷದ ಕೆಲಸ. ಅದಕ್ಕೆ ಮುಂಚಿನ ಸಿದ್ಧತೆಗೆ ಒಂದು ಸಂಜೆ ಇಡಿ.

ಅನ್‌ಲಾಕ್ ಮಾಡಿದ ಕ್ಷಣ ಫೋನ್ ಪೂರ್ತಿ ಅಳಿಸಿಹೋಗುತ್ತದೆ. ಇದು ದೋಷವಲ್ಲ, ಬೇಕೆಂದೇ ಹಾಗೆ ಮಾಡಿದ್ದಾರೆ. ಇಲ್ಲದಿದ್ದರೆ ಕದ್ದವನು ಅನ್‌ಲಾಕ್ ಮಾಡಿ ನಿಮ್ಮ ಫೋಟೊ ನೋಡುತ್ತಾ ಕೂರುತ್ತಿದ್ದ. ಫೋಟೊ, ಸಂಪರ್ಕಗಳನ್ನು ಎಲ್ಲರೂ ನೆನಪಿಟ್ಟು ಉಳಿಸುತ್ತಾರೆ. ಮರೆಯುವುದು ಆರು ಅಂಕಿಯ ಕೋಡ್ ಕೊಡುವ ದೃಢೀಕರಣ ಆಪ್. ನಾನು ಮರೆತಿದ್ದೆ. ನಾಲ್ಕು ಖಾತೆಗಳಿಂದ ಹೊರಗುಳಿದು, ಒಂದನ್ನು ಮರಳಿ ಪಡೆಯಲು ಹನ್ನೊಂದು ದಿನ ಹಿಡಿಯಿತು. ಅದನ್ನು ಮೊದಲು ಬೇರೆ ಫೋನಿಗೆ ವರ್ಗಾಯಿಸಿ.

ಎರಡನೆಯದು, ನಿಮ್ಮ ಮಾದರಿಗೆ, ನಿಮ್ಮ ಪ್ರದೇಶದ ಆವೃತ್ತಿಗೆ, ನಿಮ್ಮ ಬಿಲ್ಡ್ ಸಂಖ್ಯೆಗೆ ಸರಿಯಾಗಿ ಹೊಂದುವ ಮೂಲ ಫರ್ಮ್‌ವೇರ್, ಅಂದರೆ ಕಂಪನಿಯ ಪೂರ್ತಿ ಸಾಫ್ಟ್‌ವೇರ್ ಕಟ್ಟು, ಮೊದಲೇ ಇಳಿಸಿಟ್ಟುಕೊಳ್ಳಿ. ಹೆಸರು ಒಂದೇ ಇದ್ದರೂ ಒಳಗಿನ ಚಿಪ್ ಬೇರೆ ಇರುವ ಫೋನ್‌ಗಳುಂಟು. ಪೂರ್ತಿ ಫರ್ಮ್‌ವೇರ್ ಕೈಯಲ್ಲಿಲ್ಲದೆ ಶುರು ಮಾಡುವುದು ಬೆಂಕಿ ಬಿದ್ದ ಮೇಲೆ ಬಾವಿ ತೋಡಿದ ಹಾಗೆ. ಇಳಿಸಿದ ಮೇಲೆ ಕಡತ ಹಾಳಾಗಿಲ್ಲವೆಂದು ತೋರಿಸುವ ಚೆಕ್‌ಸಮ್ ತಾಳೆ ನೋಡಿ.

ಎಡಿಬಿ ಮತ್ತು ಬೂಟ್‌ಲೋಡರಿಗೆ ಆಜ್ಞೆ ಕೊಡುವ ಫಾಸ್ಟ್‌ಬೂಟ್ ಎರಡೂ ಗೂಗಲ್ ಕೊಡುವ ಪ್ಲಾಟ್‌ಫಾರ್ಮ್ ಟೂಲ್ಸ್‌ನಿಂದಲೇ ಬರಲಿ. ರೂಟ್ ಮಾಡಿಕೊಡುವ ಮ್ಯಾಜಿಸ್ಕ್ ಆಪ್ ಅನ್ನು ಗಿಟ್‌ಹಬ್‌ನಲ್ಲಿರುವ ಅದರ ಮೂಲ ಪುಟದಿಂದ ಮಾತ್ರ ತೆಗೆದುಕೊಳ್ಳಿ. ಹುಡುಕಿದಾಗ ಮೊದಲು ಸಿಗುವ, ಅಧಿಕೃತವೆಂದು ಬೋರ್ಡು ಹಾಕಿಕೊಂಡ ತಾಣಗಳು ಅದರವಲ್ಲ. ಎಲ್ಲ ಬೀಗದ ಕೈ ಕೊಡುವ ಆಪ್ ಅನ್ನೇ ದಾರಿಯಲ್ಲಿ ಸಿಕ್ಕವರಿಂದ ತೆಗೆದುಕೊಂಡರೆ ಮುಂದಿನದಕ್ಕೆ ಅರ್ಥವೇ ಇಲ್ಲ.

ಕೇಬಲ್ ಒಳ್ಳೆಯದಿರಲಿ. ಫಾಸ್ಟ್‌ಬೂಟ್ ಫೋನನ್ನು ಗುರುತಿಸದಿದ್ದರೆ ಹಳೆಯ ಯುಎಸ್‌ಬಿ 2 ಪೋರ್ಟಿಗೆ ಚುಚ್ಚಿ ನೋಡಿ, ವಿಂಡೋಸ್ ಆದರೆ ಡ್ರೈವರ್ ನೋಡಿ.

ಬೆಸುಗೆ · 10:29

ಇಷ್ಟೆಲ್ಲ ಓದಿಯೂ ಮಾಡುವವರಿದ್ದಾರೆ ಎಂದರೆ ಆಶ್ಚರ್ಯ.

ಪುಟ್ಟಕೊಡೆ · 10:48

ಯಾರೂ ಬ್ಯಾಂಕ್ ಆಪ್ ಬಗ್ಗೆ ಹೇಳಲೇ ಇಲ್ಲವಲ್ಲ. ನನ್ನ ಅನುಭವದಲ್ಲಿ ರೂಟ್‌ಗಿಂತ ಅನ್‌ಲಾಕ್ ಆದ ಬೂಟ್‌ಲೋಡರೇ ದೊಡ್ಡ ತಲೆನೋವು. ಫೋನನ್ನು ತಿದ್ದಲಾಗಿದೆಯೇ ಎಂದು ಆಪ್‌ಗಳಿಗೆ ಹೇಳುವ ಗೂಗಲ್‌ನ ಪರೀಕ್ಷೆಯಾಗಿ ಮೊದಲು ಸೇಫ್ಟಿನೆಟ್ ಇತ್ತು, ಈಗ ಅದರ ಜಾಗದಲ್ಲಿ ಪ್ಲೇ ಇಂಟೆಗ್ರಿಟಿ ಇದೆ. ಅದು ಬೇಸಿಕ್, ಡಿವೈಸ್, ಸ್ಟ್ರಾಂಗ್ ಎಂದು ಮೂರು ಮಟ್ಟದ ತೀರ್ಪು ಕೊಡುತ್ತದೆ. ಬೀಗ ತೆರೆದಿದೆಯೇ ಎಂಬುದನ್ನು ಫೋನಿನ ಒಳಗಿನ ಸುರಕ್ಷಿತ ಹಾರ್ಡ್‌ವೇರ್ ಸಹಿ ಹಾಕಿ ಹೇಳುತ್ತದೆ. ಆಂಡ್ರಾಯ್ಡ್ ಮಟ್ಟದಲ್ಲಿ ಎಷ್ಟು ಸುಳ್ಳು ಹೇಳಿದರೂ ಆ ಸಹಿಯನ್ನು ತಿದ್ದಲಾಗದು. ಕೆಲವು ಫೋನ್‌ಗಳಲ್ಲಿ ವಿಡಿಯೊ ನಕಲು ತಡೆಯುವ ವೈಡ್‌ವೈನ್‌ನ ಮಟ್ಟ ಕೂಡ ಎಲ್1ರಿಂದ ಎಲ್3ಕ್ಕೆ ಇಳಿಯುತ್ತದೆ, ಆಗ ಚಲನಚಿತ್ರದ ಆಪ್‌ಗಳಲ್ಲಿ ಎಚ್‌ಡಿ ಹೋಗಿ ಮಂಜುಮಂಜು ಚಿತ್ರ ಉಳಿಯುತ್ತದೆ.

ತಂತಿಬೇಲಿ · 10:55

ಅದಕ್ಕೆ ಮ್ಯಾಜಿಸ್ಕ್‌ಗೆ ಸೇರಿಸುವ ಮಾಡ್ಯೂಲ್‌ಗಳಿವೆ. ನನ್ನ ಫೋನಿನಲ್ಲಿ ಮೂರೂ ಹಸಿರು.

ಪುಟ್ಟಕೊಡೆ · 11:02

ಎಷ್ಟು ದಿನ? ಆ ಮಾಡ್ಯೂಲ್‌ಗಳು ನಡೆಯುವುದೇ ಎಲ್ಲಿಂದಲೋ ಸೋರಿಕೆಯಾದ, ಬೇರೆ ಫೋನಿಗೆ ಸೇರಿದ ಕೀಬಾಕ್ಸ್‌ಗಳಿಂದ, ಅಂದರೆ ಆ ಸಹಿ ಹಾಕುವ ಗುಪ್ತ ಕೀಲಿಗಳಿಂದ. ಗೂಗಲ್ ಅವುಗಳನ್ನು ರದ್ದುಪಟ್ಟಿಗೆ ಸೇರಿಸಿದ ದಿನ ನಿಮ್ಮ ಹಸಿರು ಕೆಂಪಾಗುತ್ತದೆ. ಮತ್ತೆ ಹೊಸದು ಹುಡುಕುವುದು, ಯಾರೋ ಅಪರಿಚಿತ ಕೊಟ್ಟ ಕಡತಕ್ಕೆ ರೂಟ್ ಅಧಿಕಾರ ಕೊಡುವುದು, ಅದೇ ಫೋನಿನಲ್ಲಿ ಬ್ಯಾಂಕ್ ಪಾಸ್‌ವರ್ಡ್ ಒತ್ತುವುದು. ನನಗೆ ಆ ಧೈರ್ಯವಿಲ್ಲ.

ತಂತಿಬೇಲಿ · 11:04

ಕಳೆದ ತಿಂಗಳು ಎರಡು ಸಲ ಬದಲಾಯಿಸಿದ್ದು ನಿಜ.

ಹಳೇಬೇರು · 11:10

ಈ ಬೆಕ್ಕು-ಇಲಿ ಆಟ ಇಂದಿನದಲ್ಲ. ಮ್ಯಾಜಿಸ್ಕ್ ಬರೆದವರು 2021ರಲ್ಲಿ ಗೂಗಲ್‌ನ ಆಂಡ್ರಾಯ್ಡ್ ಭದ್ರತಾ ತಂಡವನ್ನೇ ಸೇರಿದರು. ಅದಾದ ಮೇಲೆ ರೂಟ್ ಅನ್ನು ಬಚ್ಚಿಡುವ ಮ್ಯಾಜಿಸ್ಕ್ ಹೈಡ್ ಸೌಲಭ್ಯವನ್ನು 24ನೇ ಆವೃತ್ತಿಯಲ್ಲಿ ಕೈಬಿಟ್ಟರು. ಬಚ್ಚಿಡುವ ಕೆಲಸ ಅಂದಿನಿಂದ ಹೊರಗಿನವರ ಮಾಡ್ಯೂಲ್‌ಗಳ ಪಾಲಾಯಿತು.

ಮೂಲೆಗಲ್ಲು · 11:21

ಕಂಪನಿಯ ಹೆಸರು ಹೇಳದೆ ಪ್ರಶ್ನೆ ಕೇಳಿದರೆ ಉತ್ತರ ಅರ್ಧವೇ. ಪ್ರತಿಯೊಬ್ಬರದೂ ಬೇರೆ ಪದ್ಧತಿ. ಗೂಗಲ್‌ನ ಪಿಕ್ಸೆಲ್ ಆದರೆ ಸೆಟ್ಟಿಂಗ್ಸ್‌ನಲ್ಲಿ ಅನ್‌ಲಾಕ್‌ಗೆ ಅನುಮತಿ ಕೊಡುವ ಓಇಎಂ ಅನ್‌ಲಾಕಿಂಗ್ ಆನ್ ಮಾಡಿ, ಫಾಸ್ಟ್‌ಬೂಟ್ ಫ್ಲ್ಯಾಶಿಂಗ್ ಅನ್‌ಲಾಕ್ ಎಂದರೆ ಮುಗಿಯಿತು. ಶವೋಮಿಯಲ್ಲಿ ಖಾತೆಯನ್ನು ಫೋನಿಗೆ ಜೋಡಿಸಬೇಕು, ಅದೂ ವೈಫೈ ಬಿಟ್ಟು ಸಿಮ್‌ನ ಡೇಟಾದಲ್ಲಿ. ಆಮೇಲೆ ಕೆಲವು ದಿನ ಕಾಯಬೇಕು. ಅವರ ಹೊಸ ವ್ಯವಸ್ಥೆ ಹೈಪರ್ ಓಎಸ್ ಬಂದ ಮೇಲೆ ನಿಯಮ ಇನ್ನೂ ಬಿಗಿಯಾಗಿದೆ. ಹ್ವಾವೇ 2018ರಲ್ಲೇ ಅನ್‌ಲಾಕ್ ಕೋಡ್ ಕೊಡುವುದನ್ನು ನಿಲ್ಲಿಸಿತು. ಸ್ಯಾಮ್‌ಸಂಗ್‌ನಲ್ಲಿ ನಾಕ್ಸ್ ಎಂಬ ಭದ್ರತಾ ವ್ಯವಸ್ಥೆ ಇದೆ. ಅಧಿಕೃತವಲ್ಲದ ಇಮೇಜ್ (ವ್ಯವಸ್ಥೆಯ ಕಡತ) ಹಾಕಿದರೆ ಚಿಪ್‌ನೊಳಗಿನ ಇ-ಫ್ಯೂಸ್ ಎಂಬ ಸೂಕ್ಷ್ಮ ತಂತಿ ಸುಡುತ್ತದೆ. ಮೂಲ ಫರ್ಮ್‌ವೇರ್ ಹಾಕಿದರೂ ಅದು ಮರಳಿ ಜೋಡಣೆಯಾಗುವುದಿಲ್ಲ, ಖಾಸಗಿ ಕಡತ ಬಚ್ಚಿಡುವ ಸೆಕ್ಯೂರ್ ಫೋಲ್ಡರ್ ಆ ಫೋನಿನಲ್ಲಿ ಇನ್ನೆಂದೂ ಇಲ್ಲ.

ಸುಮ್ಮನೆ_ಬಂದೆ · 11:25

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನ ಫೋನಿನಲ್ಲಿ ಓಇಎಂ ಅನ್‌ಲಾಕಿಂಗ್ ಬೂದು ಬಣ್ಣಕ್ಕೆ ತಿರುಗಿದೆ, ಒತ್ತಿದರೆ ಅಲುಗಾಡುವುದಿಲ್ಲ.

ಮೂಲೆಗಲ್ಲು · 11:28

ಇಂಟರ್‌ನೆಟ್‌ಗೆ ಜೋಡಿಸಿ ನೋಡಿ, ಕೆಲವು ಫೋನ್‌ಗಳು ಸರ್ವರನ್ನು ಕೇಳಿದ ಮೇಲೆ ಬಿಡುತ್ತವೆ. ಮೊಬೈಲ್ ಸೇವಾ ಕಂಪನಿಯ ಮೂಲಕ ಲಾಕ್ ಆಗಿ ಬಂದ ಫೋನ್ ಆದರೆ ಅದು ಹಾಗೆಯೇ ಇರುತ್ತದೆ, ಆಸೆ ಬಿಡಿ.

ಹಳೇಬೇರು · 11:44

ಇದೆಲ್ಲ ಓದುವಾಗ ಹಳೆಯ ಕಾಲ ನೆನಪಾಗುತ್ತದೆ. 2008ರಲ್ಲಿ ಬಂದ ಮೊದಲ ಆಂಡ್ರಾಯ್ಡ್ ಫೋನ್ ಜಿ1ರಲ್ಲಿ ಒಂದು ವಿಚಿತ್ರ ದೋಷವಿತ್ತು. ಕೀಲಿಮಣೆಯಲ್ಲಿ ನೀವು ಏನೇ ಒತ್ತಿದರೂ ಅದು ಹಿನ್ನೆಲೆಯಲ್ಲಿ ರೂಟ್ ಅಧಿಕಾರದಲ್ಲಿ ಆಜ್ಞೆ ನಡೆಸುವ ಶೆಲ್‌ಗೂ ಹೋಗುತ್ತಿತ್ತು. ಯಾರಿಗೋ ಸಂದೇಶ ಬರೆಯುತ್ತಾ ರೀಬೂಟ್ ಎಂಬ ಪದ ಒತ್ತಿ ಎಂಟರ್ ಕೊಟ್ಟರೆ ಫೋನೇ ರೀಬೂಟ್ ಆಗಿಬಿಡುತ್ತಿತ್ತು! ಬೂಟ್‌ಲೋಡರ್ ತೆರೆಯುವ ಗೋಜೇ ಇಲ್ಲದೆ ಜನ ಹಾಗೆ ರೂಟ್ ಮಾಡಿಕೊಂಡರು. 2014ರ ಟವೆಲ್‌ರೂಟ್ ಆಪ್ ಕೂಡ ಒಂದೇ ಗುಂಡಿ, ಆಂಡ್ರಾಯ್ಡ್‌ನ ತಿರುಳಾದ ಲಿನಕ್ಸ್ ಕರ್ನಲ್‌ನ ದೋಷವೊಂದರ ಮೇಲೆ ಅದು ನಿಂತಿತ್ತು.

ಬೆಸುಗೆ · 11:47

ಅಂದರೆ ಆಗ ದೋಷದಿಂದ ರೂಟ್ ಆಗುತ್ತಿತ್ತು, ಈಗ ರೂಟ್‌ನಿಂದ ದೋಷ ಬರುತ್ತಿದೆ.

ಕಾಗೆಗೂಡು · 11:50

ಆ ಕಾಲ ಮುಗಿಯಿತು ಎಂಬುದನ್ನೂ ಹೇಳಿಬಿಡಿ. ಇಂದಿಗೂ ಒಂದೇ ಒತ್ತಿಗೆ ರೂಟ್ ಮಾಡುತ್ತೇನೆ ಎನ್ನುವ ಆಪ್‌ಗಳಿವೆ. ಹೊಸ ಫೋನಿನಲ್ಲಿ ಅವು ರೂಟ್ ಮಾಡುವುದಿಲ್ಲ, ಬೇರೇನೋ ಮಾಡುತ್ತವೆ.

ನೂಲುಗಾರ · ಶನಿವಾರ ಬೆಳಿಗ್ಗೆ 7:05

ವಿಧಾನವನ್ನೇ ಯಾರೂ ಬರೆದಿಲ್ಲ. ಮೂಲ ಫರ್ಮ್‌ವೇರ್‌ನಿಂದ ಇನಿಟ್ ಬೂಟ್ ಇಮೇಜ್ (ಫೋನ್ ಏಳುವಾಗ ಮೊದಲು ಓಡುವ ಭಾಗದ ಕಡತ) ಹೊರತೆಗೆಯಿರಿ, ಫೋನಿಗೆ ಹಾಕಿ, ಮ್ಯಾಜಿಸ್ಕ್ ಆಪ್‌ನಲ್ಲಿ ಪ್ಯಾಚ್ ಮಾಡಿ (ತಿದ್ದಿ), ಕಂಪ್ಯೂಟರಿಗೆ ತಂದು ಫಾಸ್ಟ್‌ಬೂಟ್‌ನಲ್ಲಿ ಫ್ಲ್ಯಾಶ್ ಮಾಡಿ, ಅಂದರೆ ಫೋನಿಗೆ ಬರೆಯಿರಿ. ಆಂಡ್ರಾಯ್ಡ್ 13ರ ಮೇಲೆಲ್ಲ ಇದೇ.

ಕಾಗೆಗೂಡು · 7:31

ಕೊನೆಯ ಸಾಲು ತಪ್ಪು, ಇದರಿಂದ ಎಷ್ಟೋ ಜನ ಎಡವಿದ್ದಾರೆ. ಈಗ ಯಾವ ಆವೃತ್ತಿ ಇದೆ ಎಂಬುದು ಮುಖ್ಯವಲ್ಲ, ಫೋನ್ ಹುಟ್ಟಿದ್ದು ಯಾವುದರಲ್ಲಿ ಎಂಬುದು ಮುಖ್ಯ. 13ರಲ್ಲಿ ಅಥವಾ ಆಮೇಲೆ ಹುಟ್ಟಿದ್ದರೆ ಇನಿಟ್ ಬೂಟ್. 12ರಲ್ಲಿ ಹುಟ್ಟಿ 13, 14ಕ್ಕೆ ಏರಿದ್ದರೆ ಮಾಮೂಲಿ ಬೂಟ್ ಇಮೇಜೇ. ಅರೆನಿದ್ದೆಯವರದು 12ರಲ್ಲಿ ಬಂದದ್ದು, ಹಾಗಾಗಿ ಬೂಟ್. ಅನುಮಾನವಿದ್ದರೆ ಫರ್ಮ್‌ವೇರ್ ಬಿಚ್ಚಿ ನೋಡಿ, ಒಳಗೆ ಇನಿಟ್ ಬೂಟ್ ಎಂಬ ಕಡತವೇ ಇಲ್ಲದಿದ್ದರೆ ಉತ್ತರ ಸಿಕ್ಕಿತು.

ನೂಲುಗಾರ · 7:38

ಸರಿ, ತಿದ್ದಿಕೊಂಡೆ. ನನ್ನದು 13ರಲ್ಲಿ ಹುಟ್ಟಿದ್ದು, ಎಲ್ಲರದೂ ಹಾಗೆಯೇ ಎಂದುಕೊಂಡೆ.

ಅರೆನಿದ್ದೆ · 11:20

ಅನ್‌ಲಾಕ್ ಆಯಿತು! ಬಿಲ್ಡ್ ಸಂಖ್ಯೆಯ ಮೇಲೆ ಏಳು ಸಲ ಬಡಿದು ಡೆವಲಪರ್ ಆದೆ, ಓಇಎಂ ಅನ್‌ಲಾಕಿಂಗ್ ಆನ್ ಮಾಡಿದೆ. ಆಜ್ಞೆ ಕೊಟ್ಟ ಮೇಲೆ ಫೋನಿನಲ್ಲಿ ಒಂದು ಕಪ್ಪು ಪರದೆ ಬಂತು. ಬೆರಳು ಒತ್ತಿದರೆ ಏನೂ ಆಗುವುದಿಲ್ಲ, ವಾಲ್ಯೂಮ್ ಗುಂಡಿಯಿಂದ 'ಅನ್‌ಲಾಕ್' ಎಂಬ ಸಾಲಿಗೆ ಇಳಿದು ಪವರ್ ಗುಂಡಿ ಒತ್ತಬೇಕು. ನನ್ನ ಹೆಬ್ಬೆರಳು ಪವರ್ ಗುಂಡಿಯ ಮೇಲೆ ಎರಡು ನಿಮಿಷ ಹಾಗೇ ಇತ್ತು. ಒತ್ತಿದೆ. ಎಲ್ಲ ಅಳಿಸಿಹೋಯಿತು. ಈಗ ಪ್ರತಿ ಸಲ ಆನ್ ಮಾಡಿದಾಗ ಕಿತ್ತಳೆ ಬಣ್ಣದ ಎಚ್ಚರಿಕೆ ಬರುತ್ತಿದೆ, ಇದು ಸರಿಯೇ?

ಹಳೇಬೇರು · 11:23

ಸರಿ. ಬೀಗ ತೆರೆದಿರುವವರೆಗೆ ಅದು ಬರುತ್ತಲೇ ಇರುತ್ತದೆ. ಹೆದರಬೇಕಾದದ್ದು ಕೆಂಪು ಬಂದಾಗ.

ಅರೆನಿದ್ದೆ · ಮಧ್ಯಾಹ್ನ 12:58

ಕೆಟ್ಟಿತು. ಪ್ಯಾಚ್ ಮಾಡಿದ ಬೂಟ್ ಇಮೇಜ್ ಫ್ಲ್ಯಾಶ್ ಮಾಡಿ ರೀಬೂಟ್ ಕೊಟ್ಟೆ. ಲೋಗೋ ಬರುತ್ತದೆ, ಹೋಗುತ್ತದೆ, ಮತ್ತೆ ಬರುತ್ತದೆ. ಹತ್ತು ನಿಮಿಷದಿಂದ ಇದೇ. ಕೈಕಾಲು ಆಡುತ್ತಿಲ್ಲ. ಇಟ್ಟಿಗೆ ಆಯಿತೇ, ಇನ್ನೆಂದೂ ಏಳುವುದಿಲ್ಲವೇ?

ಬೆಸುಗೆ · 12:59

ನಾನು ಏನೂ ಹೇಳುವುದಿಲ್ಲ.

ನೂಲುಗಾರ · 1:01

ಫೋನಿನಲ್ಲಿ ವ್ಯವಸ್ಥೆಯ ಎರಡು ಪ್ರತಿಗಳಿಗೆ ಎರಡು ಸ್ಲಾಟ್ ಇರುತ್ತವೆ, ಆಕ್ಟಿವ್ ಸ್ಲಾಟ್ ಬದಲಾಯಿಸಿ! ಎ ಇದ್ದರೆ ಬಿ, ಬಿ ಇದ್ದರೆ ಎ.

ಕಾಗೆಗೂಡು · 1:06

ತಡೆಯಿರಿ, ಸ್ಲಾಟ್ ಮುಟ್ಟಬೇಡಿ. ಇನ್ನೊಂದು ಸ್ಲಾಟಿನಲ್ಲಿ ಹಳೆಯ ವ್ಯವಸ್ಥೆ ಇದ್ದರೆ, ಹೊಸದು ಬರೆದ ಡೇಟಾವನ್ನು ಅದು ಓದಲಾರದೆ ಇನ್ನೊಂದು ಸಮಸ್ಯೆ ತಂದೀತು. ಲೋಗೋ ಬರುತ್ತಿದೆ, ಫಾಸ್ಟ್‌ಬೂಟ್‌ಗೆ ಹೋಗಲು ಆಗುತ್ತಿದೆ ಎಂದರೆ ಫೋನ್ ಬದುಕಿದೆ. ಒಂದೇ ಪ್ರಶ್ನೆ: ಅಳಿಸಿಹೋದ ಮೇಲೆ ಹೊಸದಾಗಿ ಸೆಟಪ್ ಮಾಡಿದಿರಲ್ಲ, ಆಗ ಏನಾದರೂ ಅಪ್‌ಡೇಟ್ ಇಳಿಯಿತೇ?

ಅರೆನಿದ್ದೆ · 1:09

ಅಯ್ಯೋ, ಹೌದು. 'ಹೊಸ ಭದ್ರತಾ ಅಪ್‌ಡೇಟ್' ಎಂದು ಬಂತು, ಒಳ್ಳೆಯದೇ ಎಂದು ಹಾಕಿಕೊಂಡೆ.

ಕಾಗೆಗೂಡು · 1:17

ಸಿಕ್ಕಿತು. ನೀವು ಪ್ಯಾಚ್ ಮಾಡಿದ್ದು ನಿನ್ನೆ ಇಳಿಸಿದ ಫರ್ಮ್‌ವೇರ್‌ನ ಬೂಟ್ ಇಮೇಜ್, ಫೋನಿನಲ್ಲಿ ಓಡುತ್ತಿರುವುದು ಇಂದಿನ ಬಿಲ್ಡ್. ಬೂಟ್ ಇಮೇಜ್‌ನಲ್ಲಿ ಕರ್ನಲ್ ಇರುತ್ತದೆ. ಅದರ ಡ್ರೈವರ್ ಮಾಡ್ಯೂಲ್‌ಗಳು ಬೇರೆ ವಿಭಾಗದಲ್ಲಿರುತ್ತವೆ. ಎರಡೂ ಒಂದೇ ಬಿಲ್ಡ್‌ನವು ಆಗಿರದಿದ್ದರೆ ಒಮ್ಮೊಮ್ಮೆ ಫೋನ್ ಏಳುತ್ತದೆ, ವೈಫೈ ಮಾತ್ರ ಆನ್ ಆಗುವುದಿಲ್ಲ. ಒಮ್ಮೊಮ್ಮೆ ನಿಮ್ಮ ಹಾಗೆ ಲೋಗೋದಲ್ಲೇ ಸುತ್ತುತ್ತದೆ.

ಕಂಪ್ಯೂಟರಿನಲ್ಲಿ ಹೊಸ ಬಿಲ್ಡ್‌ನ ಪೂರ್ತಿ ಫರ್ಮ್‌ವೇರ್ ಇಳಿಸಿ. ಅದರೊಳಗಿನ ಬೂಟ್ ಇಮೇಜ್ ಅನ್ನು ಪ್ಯಾಚ್ ಮಾಡದೆ, ಇದ್ದ ಹಾಗೆಯೇ ಫ್ಲ್ಯಾಶ್ ಮಾಡಿ. ಫೋನ್ ಏಳಬೇಕು. ಎದ್ದ ಮೇಲೆ ಅದೇ ಕಡತವನ್ನು ಪ್ಯಾಚ್ ಮಾಡಿ ಮತ್ತೆ ಹಾಕಿ. ನಿಮ್ಮ ಫೋನ್ ಒಪ್ಪಿದರೆ ಫ್ಲ್ಯಾಶ್ ಬದಲು ಫಾಸ್ಟ್‌ಬೂಟ್ ಬೂಟ್ ಎಂಬ ಆಜ್ಞೆಯಿಂದ ಮೊದಲು ತಾತ್ಕಾಲಿಕವಾಗಿ ಏಳಿಸಿ ನೋಡಿ. ಏನನ್ನೂ ಬರೆಯುವುದಿಲ್ಲ, ಕೆಟ್ಟರೆ ರೀಬೂಟ್ ಸಾಕು.

ಮತ್ತೊಂದು ಮಾತು. ಸಿಟ್ಟಿನಲ್ಲಿ ಹಳೆಯ ಫರ್ಮ್‌ವೇರನ್ನೇ ಪೂರ್ತಿ ಹಾಕಿಬಿಡುತ್ತೇನೆ ಎಂದು ಹೊರಡಬೇಡಿ. ಆಂಟಿ ರೋಲ್‌ಬ್ಯಾಕ್ ಇರುವ ಫೋನ್‌ಗಳಲ್ಲಿ ಹಿಂದಿನ ಆವೃತ್ತಿಗೆ ಇಳಿದರೆ ಆಗ ನಿಜವಾಗಿ ಇಟ್ಟಿಗೆ. ಪಿಕ್ಸೆಲ್ 6ಕ್ಕೆ 2022ರ ಆಗಸ್ಟ್‌ನಲ್ಲಿ ಆಂಡ್ರಾಯ್ಡ್ 13 ಬಂದಾಗ ಗೂಗಲ್ ಇದನ್ನು ಮೊದಲೇ ಎಚ್ಚರಿಸಿತ್ತು: ಬೂಟ್‌ಲೋಡರ್ ಒಮ್ಮೆ ಮೇಲೇರಿದರೆ ಹಳೆಯ 12ಕ್ಕೆ ಮರಳುವಂತಿಲ್ಲ.

ಸುಮ್ಮನೆ_ಬಂದೆ · 1:20

ನನ್ನ ಬೂದು ಬಣ್ಣವೇ ಚೆಂದ ಅನ್ನಿಸುತ್ತಿದೆ.

ಅರೆನಿದ್ದೆ · 2:44

ಎದ್ದಿತು! ಮೂಲ ಬೂಟ್ ಇಮೇಜ್ ಹಾಕಿದ ಕೂಡಲೇ ಎದ್ದಿತು. ಆಮೇಲೆ ಹೊಸದನ್ನು ಪ್ಯಾಚ್ ಮಾಡಿ ಹಾಕಿದೆ, ವೈಫೈ ಕೂಡ ಬಂತು. ಮ್ಯಾಜಿಸ್ಕ್ ಆಪ್‌ನಲ್ಲಿ 'ಇನ್‌ಸ್ಟಾಲ್ಡ್' ಪಕ್ಕದಲ್ಲಿ ಆವೃತ್ತಿ ಸಂಖ್ಯೆ ಕಾಣುತ್ತಿದೆ. ಕಾಗೆಗೂಡು ಅವರೇ, ನಿಮಗೆ ಎಷ್ಟು ವಂದನೆ ಹೇಳಿದರೂ ಸಾಲದು.

ಕಾಗೆಗೂಡು · 2:50

ಸಂತೋಷ. ತಾನಾಗಿ ಅಪ್‌ಡೇಟ್ ಆಗುವುದನ್ನು ಡೆವಲಪರ್ ಆಯ್ಕೆಯಲ್ಲಿ ಈಗಲೇ ನಿಲ್ಲಿಸಿ. ಮುಂದೆ ಅಪ್‌ಡೇಟ್ ಬಂದಾಗ ಮ್ಯಾಜಿಸ್ಕ್‌ನಲ್ಲಿ ಮೂಲ ಇಮೇಜ್ ಮರಳಿಸಿ, ಅಪ್‌ಡೇಟ್ ಹಾಕಿ, ರೀಬೂಟ್ ಮಾಡುವ ಮೊದಲು ಇನ್ನೊಂದು ಸ್ಲಾಟಿಗೆ ಮ್ಯಾಜಿಸ್ಕ್ ಹಾಕಬೇಕು. ಮಾಡ್ಯೂಲ್‌ಗಳನ್ನು ಒಂದೊಂದಾಗಿ ಹಾಕಿ. ಯಾವುದಾದರೂ ಕೈಕೊಟ್ಟು ಫೋನ್ ಸುತ್ತತೊಡಗಿದರೆ ಸೇಫ್ ಮೋಡ್‌ನಲ್ಲಿ ಏಳಿಸಿ, ಮ್ಯಾಜಿಸ್ಕ್ ತಾನಾಗಿ ಎಲ್ಲ ಮಾಡ್ಯೂಲ್ ನಿಷ್ಕ್ರಿಯ ಮಾಡುತ್ತದೆ.

ಪುಟ್ಟಕೊಡೆ · 3:02

ಫೋನನ್ನು ಎಲ್ಲೆಂದರಲ್ಲಿ ಬಿಟ್ಟು ಹೋಗಬೇಡಿ. ನಿಮ್ಮ ಡೇಟಾ ಈಗಲೂ ಪಿನ್ ಹಿಂದೆ ಎನ್‌ಕ್ರಿಪ್ಟ್ ಆಗಿಯೇ ಇದೆ. ಆದರೆ ಬೀಗ ತೆರೆದ ಫೋನ್ ಯಾರದೋ ಕೈಗೆ ಹತ್ತು ನಿಮಿಷ ಸಿಕ್ಕರೆ ತಿದ್ದಿದ ಇಮೇಜ್ ಒಂದನ್ನು ಹಾಕಿಟ್ಟು, ನೀವು ಪಿನ್ ಒತ್ತುವವರೆಗೆ ಕಾಯಬಹುದು.

ಅರೆನಿದ್ದೆ · 5:15

ಬ್ಯಾಂಕ್ ಆಪ್ ತೆರೆಯುತ್ತಿಲ್ಲ, ನೀವು ಹೇಳಿದಂತೆಯೇ ಆಯಿತು. ಚಾರ್ಜ್ ಮಾತ್ರ 80ಕ್ಕೆ ನಿಂತಿದೆ, ನೋಡಿ ಹೊಟ್ಟೆ ತಣ್ಣಗಾಯಿತು. ಈಗ ಒಂದು ಉಪಾಯ ಹೊಳೆಯಿತು. ರೂಟ್ ಹೇಗೂ ಆಗಿದೆ. ಫಾಸ್ಟ್‌ಬೂಟ್‌ನಲ್ಲಿ ಬೂಟ್‌ಲೋಡರನ್ನು ಮತ್ತೆ ಲಾಕ್ ಮಾಡಿಬಿಟ್ಟರೆ ಕಿತ್ತಳೆ ಎಚ್ಚರಿಕೆಯೂ ಹೋಗುತ್ತದೆ, ಬ್ಯಾಂಕ್ ಆಪ್ ಕೂಡ ಒಪ್ಪುತ್ತದೆ, ಅಲ್ಲವೇ? ಕೇಬಲ್ ಚುಚ್ಚಿದ್ದೇನೆ, ಆಜ್ಞೆ ಬರೆದಿದ್ದೇನೆ, ಎಂಟರ್ ಒಂದೇ ಬಾಕಿ.

ಕಾಗೆಗೂಡು · 5:16

ಬೇಡ!

ತಂತಿಬೇಲಿ · 5:16

ಎಂಟರ್ ಒತ್ತಬೇಡಿ!!

ಹಳೇಬೇರು · 5:16

ನಿಲ್ಲಿ.

ಕಾಗೆಗೂಡು · 5:22

ಲಾಕ್ ಆದ ಕ್ಷಣ ಕಾವಲುಗಾರ ಮತ್ತೆ ಸಹಿ ಕೇಳುತ್ತಾನೆ. ನಿಮ್ಮ ಬೂಟ್ ಇಮೇಜ್ ಪ್ಯಾಚ್ ಆಗಿದೆ, ಅದರ ಮೇಲೆ ಕಂಪನಿಯ ಸಹಿ ತಾಳೆಯಾಗದು. ಹಳೇಬೇರು ಹೇಳಿದ ಕೆಂಪು ಪರದೆ ಬರುವುದು ಆಗಲೇ. ಲಾಕ್ ಮಾಡಿದಾಗ ಡೇಟಾ ಇನ್ನೊಮ್ಮೆ ಅಳಿಸಿಹೋಗುತ್ತದೆ, ಅದು ಹಾಗಿರಲಿ. ಆಮೇಲೆ ಮತ್ತೆ ಅನ್‌ಲಾಕ್ ಮಾಡಲು ಸೆಟ್ಟಿಂಗ್ಸ್‌ನ ಓಇಎಂ ಅನ್‌ಲಾಕಿಂಗ್ ಆನ್ ಇರಬೇಕು. ಆಫ್ ಆಗಿದ್ದರೆ? ಸೆಟ್ಟಿಂಗ್ಸ್‌ಗೆ ಹೋಗಲು ಫೋನ್ ಏಳಬೇಕು, ಫೋನ್ ಏಳಲು ಅನ್‌ಲಾಕ್ ಆಗಬೇಕು. ಕೀಲಿಯನ್ನು ಒಳಗಿಟ್ಟು ಬಾಗಿಲು ಎಳೆದುಕೊಂಡ ಹಾಗೆ. ಕ್ವಾಲ್‌ಕಾಮ್ ಚಿಪ್ ಇರುವ ಫೋನ್‌ಗಳಲ್ಲಿ ನೇರವಾಗಿ ಬರೆಯಲು ಇಡಿಎಲ್ ಎಂಬ ಕೊನೆಯ ಕಿಟಕಿ ಇದೆ, ಅದಕ್ಕೂ ಹಲವು ಕಂಪನಿಗಳು ತಮ್ಮ ಅನುಮತಿ ಬೇಡುತ್ತವೆ.

ಲಾಕ್ ಮಾಡಲೇಬೇಕಾದರೆ ಮ್ಯಾಜಿಸ್ಕ್ ತೆಗೆದು, ಪೂರ್ತಿ ಮೂಲ ಫರ್ಮ್‌ವೇರ್ ಹಾಕಿ, ಅದರಲ್ಲಿ ಫೋನ್ ಒಮ್ಮೆ ಸರಿಯಾಗಿ ಎದ್ದದ್ದನ್ನು ನೋಡಿ, ಆಮೇಲೆ. ಪಿಕ್ಸೆಲ್‌ನಂಥ ಕೆಲವು ಫೋನ್‌ಗಳು ಮಾತ್ರ ಬೇರೆಯವರ ಸಹಿಯ ಕೀಲಿಯನ್ನು ಒಳಗೆ ಸೇರಿಸಲು ಬಿಡುತ್ತವೆ, ಗ್ರಾಫೀನ್ ಓಎಸ್ ಎಂಬ ಬೇರೆ ರಾಮ್ ಹಾಕಿದವರು ಮತ್ತೆ ಲಾಕ್ ಮಾಡಿಕೊಳ್ಳುವುದು ಹಾಗೆ. ನಿಮ್ಮ ಪರಿಸ್ಥಿತಿ ಅದಲ್ಲ.

ಪುಟ್ಟಕೊಡೆ · 5:30

ಬ್ಯಾಂಕ್ ಕೆಲಸಕ್ಕೆ ಬೇರೆ ಫೋನ್ ಇಟ್ಟುಕೊಳ್ಳಿ, ಅಥವಾ ಕಂಪ್ಯೂಟರಿನಲ್ಲಿ ಬ್ಯಾಂಕಿನ ಜಾಲತಾಣ ಬಳಸಿ. ಇದನ್ನು ಆಟಕ್ಕೆ ಬಿಡಿ.

ಬೆಸುಗೆ · 5:33

ಅರೆನಿದ್ದೆಯವರಿಂದ ಹದಿನೆಂಟು ನಿಮಿಷದಿಂದ ಸದ್ದಿಲ್ಲ. ಒತ್ತಿಬಿಟ್ಟರೇ?

ಅರೆನಿದ್ದೆ · 5:41

ಒತ್ತಲಿಲ್ಲ. ಮೊದಲು ಬರೆದದ್ದನ್ನು ಅಳಿಸಿದೆ, ಆಮೇಲೆ ಕೇಬಲ್ ಕಿತ್ತೆ, ಆಮೇಲೆ ಕಂಪ್ಯೂಟರನ್ನೇ ಆಫ್ ಮಾಡಿ ಬೇರೆ ಕೋಣೆಗೆ ಹೋಗಿ ಕುಳಿತೆ. ಈಗ ಆ ಫೋನಿನಿಂದಲೇ ಬರೆಯುತ್ತಿದ್ದೇನೆ.

ನೂಲುಗಾರ · 5:44

ಚಾರ್ಜ್ ಎಷ್ಟಿದೆ?

ಅರೆನಿದ್ದೆ · 5:45

80.